ಮನೆಯೊಳಗಿನ ನಿಸ್ತಂತು ಪೆಟ್ಟಿಗೆ: ಸ್ಥಾನ, ಬೀಗ ಮತ್ತು ಭಯ

2008ನೆಯ ಇಸವಿಯ ಜುಲೈ 26ರ ಸಂಜೆ ಅಹಮದಾಬಾದ್ ನಗರದಲ್ಲಿ ಒಂದಾದ ಮೇಲೊಂದರಂತೆ ಬಾಂಬುಗಳು ಸಿಡಿದು ಐವತ್ತಕ್ಕೂ ಮಿಕ್ಕಿ ಜನ ಅಸುನೀಗಿದ ದುರಂತವನ್ನು ವಾಚಕರು ಮರೆತಿರಲಾರರು. ಆ ಸ್ಫೋಟಗಳಿಗೆ ಕೆಲವೇ ನಿಮಿಷಗಳ ಮೊದಲು ವಾರ್ತಾಸಂಸ್ಥೆಗಳಿಗೆ ಒಂದು ಬೆದರಿಕೆಯ ಇ-ಮೇಲ್ ತಲುಪಿತ್ತು. ಅದು ಎಲ್ಲಿಂದ ಹೊರಟಿತೆಂದು ಪೊಲೀಸರು ಜಾಡು ಹಿಡಿದು ಹೋದಾಗ ಅವರು ಬಂದು ನಿಂತದ್ದು ನಮ್ಮ ನವಿ ಮುಂಬಯಿಯ ಸಾನ್‌ಪಾಡಾದ ಒಂದು ಫ್ಲ್ಯಾಟಿನ ಬಾಗಿಲಲ್ಲಿ. ಅಲ್ಲಿ ವಾಸವಾಗಿದ್ದವನು ಉದ್ಯೋಗ ನಿಮಿತ್ತ ಬಂದಿದ್ದ ಒಬ್ಬ ಅಮೆರಿಕನ್ ಪ್ರಜೆ. ಆತನ ವಿಚಾರಣೆ ನಡೆಯಿತು, ಗಣಕಯಂತ್ರಗಳ ತಪಾಸಣೆಯಾಯಿತು, ಪತ್ರಿಕೆಗಳಲ್ಲಿ ಹೆಸರು ಬಂದಿತು. ಕೊನೆಗೆ ತಿಳಿದುಬಂದ ಸಂಗತಿಯೆಂದರೆ ಆತನ ಮನೆಯ ವೈಫೈಗೆ ಭದ್ರವಾದ ಬೀಗವಿರಲಿಲ್ಲ. ಹೊರಗಿನವರಾರೋ ಅದರೊಳಗೆ ನುಸುಳಿ ಆ ಪತ್ರವನ್ನು ಕಳುಹಿಸಿದ್ದರು. ಅದೇ ವರ್ಷದ ಆಗಸ್ಟ್ ಹಾಗೂ ಸೆಪ್ಟೆಂಬರ್ ತಿಂಗಳುಗಳಲ್ಲಿ ಇದೇ ರೀತಿ ಮಾಟುಂಗಾದ ಖಾಲ್ಸಾ ಕಾಲೇಜಿನ ಹಾಗೂ ಚೆಂಬೂರಿನ ಒಂದು ಕಚೇರಿಯ ವೈಫೈಗಳು ದುರುಪಯೋಗವಾದವು. 2009ರ ಜನವರಿಯಲ್ಲಿ ಮುಂಬಯಿ ಪೊಲೀಸರು ಬೀಗವಿಲ್ಲದ ವೈಫೈಗಳನ್ನು ಹುಡುಕುತ್ತ ಬೀದಿ ಬೀದಿ ಸುತ್ತಿದ್ದೂ, ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆಯು ಇಂಥ ಜಾಲಗಳನ್ನು ಭದ್ರಪಡಿಸಬೇಕೆಂದು ಆಜ್ಞೆ ಹೊರಡಿಸಿದ್ದೂ ಇದರ ಫಲವೇ ಆಗಿದೆ.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ವಾಣಿಜ್ಯಶಾಸ್ತ್ರದ ಪದವೀಧರ, ಬ್ಯಾಂಕಿನ ಅಧಿಕಾರಿ. ಆದರೆ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಯಾರ ಮನೆಯ ರೂಟರ್ ಕೈಕೊಟ್ಟರೂ ನನ್ನನ್ನು ಕರೆಯುವ ವಾಡಿಕೆ ಹೇಗೋ ಬೆಳೆದುಬಿಟ್ಟಿದೆ. ಹಾಗೆ ಮನೆಯಿಂದ ಮನೆಗೆ ಹೋಗಿ ನೋಡಿದಾಗ ನನಗೆ ಕಂಡುಬಂದುದೇನೆಂದರೆ, ಜನರು ಈ ಪೆಟ್ಟಿಗೆಯನ್ನು ಎಲ್ಲಿಡಬಾರದೋ ಅಲ್ಲಿಡುತ್ತಾರೆ, ಹಾಕಬೇಕಾದ ಬೀಗ ಹಾಕುವುದಿಲ್ಲ, ಆದರೆ ಅದರಿಂದ ಹೊರಡುವ ಅಲೆಗಳಿಗೆ ಮಾತ್ರ ಅತಿಯಾಗಿ ಅಂಜುತ್ತಾರೆ. ಈ ಮೂರನೆಯ ತಪ್ಪನ್ನು ನಾನೂ ಮಾಡಿದ್ದೇನೆ. ಅದನ್ನು ಮುಂದೆ ಹೇಳುವೆನು.

ಪೆಟ್ಟಿಗೆ ಮಾಡುವುದೇನು?

ಇಂದು ನಮ್ಮ ಮನೆಗಳಿಗೆ ಅಂತರಜಾಲವು ಬರುವುದು ಹೆಚ್ಚಾಗಿ ಗಾಜಿನ ಎಳೆಯ ಮೂಲಕ. ಕೂದಲಿನಷ್ಟು ತೆಳುವಾದ ಆ ಎಳೆಯೊಳಗೆ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಹರಿಯುತ್ತದೆ. ಬೆಳಕನ್ನು ವಿದ್ಯುತ್ ಸಂಕೇತವನ್ನಾಗಿಯೂ ಅದನ್ನು ರೇಡಿಯೋ ಅಲೆಯನ್ನಾಗಿಯೂ ಮಾರ್ಪಡಿಸಿ ಮನೆಯಲ್ಲಿ ಹರಡುವುದೇ ಈ ಪೆಟ್ಟಿಗೆಯ ಕಾಯಕ. ಕೆಲವು ಮನೆಗಳಲ್ಲಿ ಇದಕ್ಕೆ ಎರಡು ಪೆಟ್ಟಿಗೆಗಳಿರುತ್ತವೆ, ಕೆಲವೆಡೆ ಎರಡೂ ಒಂದರಲ್ಲೇ ಅಡಗಿರುತ್ತವೆ. ಗಾಜಿನ ಎಳೆಯನ್ನು ಸೊಳ್ಳೆಬಲೆಯ ಹಗ್ಗದಂತೆ ಮೊಳೆಗೆ ಬಿಗಿಯಾಗಿ ಸುತ್ತಿದರೆ ಬೆಳಕು ಬಾಗಿದೆಡೆಯಲ್ಲಿ ಸೋರಿಹೋಗುತ್ತದೆ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿನುಗತೊಡಗಿತೆಂದರೆ ಬೆಳಕು ಬರುತ್ತಿಲ್ಲವೆಂದು ಅರ್ಥ. ಆಗ ರೂಟರನ್ನು ಎಷ್ಟು ಸಲ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ, ಕಂಪೆನಿಯವರನ್ನೇ ಕರೆಯಬೇಕು. ತುಂಡಾದ ಎಳೆಯ ತುದಿಯನ್ನು ಕಣ್ಣಿನ ಬಳಿ ಹಿಡಿದು ನೋಡಬಾರದು. ಮಕ್ಕಳ ಕೈಗಂತೂ ಕೊಡಲೇಬಾರದು.

ತಂದೆಯವರ ಕಾಲದಲ್ಲಿ ಮನೆಯಲ್ಲೊಂದು ರೇಡಿಯೋ ಇಡಲು ಸಹ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. ಇಂದು ಅಲೆಗಳನ್ನು ತಾನೇ ಹೊರಡಿಸುವ ಈ ಪೆಟ್ಟಿಗೆಗೆ ಯಾವ ಲೈಸೆನ್ಸೂ ಬೇಡ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗಾಗಿ 2005ರಲ್ಲಿ ಭಾರತ ಸರಕಾರವು ಲೈಸೆನ್ಸಿನಿಂದ ಮುಕ್ತಗೊಳಿಸಿತು. ಅಂದಿನಿಂದ ಮನೆಮನೆಗೊಂದು ಪ್ರಸಾರ ಕೇಂದ್ರವಾಯಿತೆಂದರೂ ಸಲ್ಲುತ್ತದೆ.

ಎಲ್ಲಿಡಬೇಕು?

ಸಂಪರ್ಕ ಕೊಡಲು ಬಂದ ಹುಡುಗನಿಗೆ ಅಂದು ಇನ್ನೂ ಆರು ಮನೆಗಳಿರುತ್ತವೆ. ಆತನು ತಂತಿ ಒಳಬಂದ ಮೊದಲನೆಯ ಮೂಲೆಯಲ್ಲೇ, ಎಂದರೆ ಬಾಗಿಲ ಪಕ್ಕದ ಚಪ್ಪಲಿ ಕಪಾಟಿನ ಮೇಲೋ ಟೀವಿಯ ಹಿಂದೆಯೋ ಪೆಟ್ಟಿಗೆಯನ್ನು ತಗುಲಿಸಿ ಹೊರಟುಬಿಡುತ್ತಾನೆ. ಆತನು ಗೋಡೆಗೆ ರಂಧ್ರ ಕೊರೆಯುವುದಕ್ಕೆ ಮುನ್ನವೇ ಗೃಹಸ್ಥರು ಸ್ಥಾನವನ್ನು ನಿಶ್ಚಯಿಸಿರಬೇಕು. ಹತ್ತು ಮೀಟರ್ ಹೆಚ್ಚು ಎಳೆಯನ್ನು ಒಳಗೆ ಎಳೆಸಿಕೊಳ್ಳುವುದು ಕಷ್ಟದ ಕೆಲಸವಲ್ಲ, ಕೇಳಬೇಕಷ್ಟೆ.

ಬಾಗಿಲ ಬಳಿ ಇಟ್ಟ ಪೆಟ್ಟಿಗೆಯು ತನ್ನ ಶಕ್ತಿಯ ಅರ್ಧವನ್ನು ಜಿನೆ ಏರಿ ಬರುವವರಿಗೂ ಎದುರುಮನೆಯವರಿಗೂ ದಾನಮಾಡುತ್ತಿರುತ್ತದೆ. ನಮ್ಮ ಡೊಂಬಿವಲಿ, ಕಲ್ಯಾಣಗಳ ಹಳೆಯ ನಾಲ್ಕು ಮಾಳಿಗೆಯ ಕಟ್ಟಡಗಳಲ್ಲಿ ಮುಂದೆ ಹಾಲ್, ಪಕ್ಕದಲ್ಲಿ ಅಡುಗೆಮನೆ, ನಡುವೆ ಕಿರಿದಾದ ಓಣಿ, ಹಿಂದೆ ಮಲಗುವ ಕೋಣೆ ಇರುವುದು ಸಾಮಾನ್ಯ. ಆ ಓಣಿಯೇ ಮನೆಯ ಮಧ್ಯಬಿಂದು. ಅಲ್ಲಿ ಆರೇಳು ಅಡಿ ಎತ್ತರದಲ್ಲಿ ಒಂದು ಚಿಕ್ಕ ಹಲಗೆ ಹೊಡೆಸಿ ಅದರ ಮೇಲಿಟ್ಟರೆ ಎಲ್ಲ ಕೋಣೆಗಳಿಗೂ ಸಮವಾಗಿ ಅಲೆ ತಲುಪುತ್ತದೆ. ನೋಡಲು ಚೆನ್ನಾಗಿಲ್ಲವೆಂದು ಅದನ್ನು ಶೋಕೇಸಿನೊಳಗೆ ಬಚ್ಚಿಡುವವರಿದ್ದಾರೆ. ದೀಪವನ್ನು ಕೊಳಗದಡಿ ಇಟ್ಟು ಮನೆಯಲ್ಲಿ ಕತ್ತಲೆಯೆಂದು ದೂರಿದಂತಾಯಿತು.

ಆಂಟೆನಾದಿಂದ ಅಲೆಯು ಹೊರಡುವ ಆಕಾರವನ್ನು ತಿಳಿಯಬೇಕಾದರೆ ಉದ್ದಿನವಡೆಯನ್ನು ನೆನೆಯಬೇಕು. ವಡೆಯ ತೂತಿನೊಳಗೆ ಒಂದು ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿದರೆ ಆ ಕಡ್ಡಿಯೇ ಆಂಟೆನಾ, ಸುತ್ತಲಿನ ವಡೆಯೇ ಅಲೆ. ಕಡ್ಡಿಯ ತುದಿ ನೋಡುವ ದಿಕ್ಕಿನಲ್ಲಿ ಅಲೆಯು ಅತಿ ದುರ್ಬಲ, ಪಕ್ಕಗಳಲ್ಲಿ ಪ್ರಬಲ. ಆದುದರಿಂದ ಒಂದೇ ಅಂತಸ್ತಿನ ಮನೆಯಲ್ಲಿ ಆಂಟೆನಾಗಳು ನೆಟ್ಟಗೆ ನಿಂತಿರಬೇಕು. ಮೇಲೊಂದು ಕೆಳಗೊಂದು ಮಾಳಿಗೆ ಇರುವವರು ಒಂದು ಆಂಟೆನಾವನ್ನು ಅಡ್ಡ ಮಲಗಿಸಬಹುದು.

ಇನ್ನು ಶತ್ರುಗಳ ವಿಚಾರ. ಲೋಹವು ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಹೀರಿಕೊಳ್ಳುತ್ತದೆ. ಉಕ್ಕಿನ ಕಪಾಟು, ಫ್ರಿಜ್, ಲೇಪವಿರುವ ದೊಡ್ಡ ನಿಲುವುಗನ್ನಡಿ, ಮೀನಿನ ತೊಟ್ಟಿ, ಅಟ್ಟದ ಮೇಲಿನ ನೀರಿನ ಟಾಂಕಿ ಇವುಗಳಿಂದ ದೂರವಿಡುವುದು ಕ್ಷೇಮ. ಮೈಕ್ರೋವೇವ್ ಒಲೆಯೂ 2.4 ಗಿಗಾಹರ್ಟ್ಸಿನ ಆಸುಪಾಸಿನಲ್ಲೇ ಕೆಲಸ ಮಾಡುವುದರಿಂದ ಅದು ಉರಿಯುವಾಗ ಸಂಪರ್ಕ ತಡವರಿಸುವುದುಂಟು. ಇಟ್ಟಿಗೆಯ ಗೋಡೆಯು ಅಲೆಗೆ ಸುಂಕ ವಸೂಲಿ ಮಾಡಿ ಬಿಟ್ಟುಕೊಡುತ್ತದೆ. ಸರಳುಗಳಿಂದ ತುಂಬಿದ ಕಾಂಕ್ರೀಟಿನ ಗೋಡೆ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕಿ ನುಂಗಿಬಿಡಬಲ್ಲುದು.

ಈ ಕಾರಣದಿಂದಲೇ ಒಂದು ವಿಚಿತ್ರ ಸನ್ನಿವೇಶ ಉಂಟಾಗಿದೆ. ಡೊಂಬಿವಲಿಯ ನಲವತ್ತು ವರುಷದ ಹಳೆಯ ಇಟ್ಟಿಗೆ ಮನೆಯಲ್ಲಿ ಅಗ್ಗದ ಪೆಟ್ಟಿಗೆಯೊಂದು ನಾಲ್ಕೂ ಮೂಲೆಗಳಿಗೆ ಸಾಲುತ್ತದೆ. ಠಾಣೆಯ ಘೋಡ್‌ಬಂದರ್ ರಸ್ತೆಯ ಹೊಸ ಗೋಪುರಗಳಲ್ಲಿ ವಾಸಿಸುವ ನಮ್ಮ ಸ್ಥಿತಿವಂತ ಬಂಧುಗಳ ಮನೆಯಲ್ಲಿ ದುಬಾರಿ ಪೆಟ್ಟಿಗೆಯೂ ಎರಡನೆಯ ಕೋಣೆಗೆ ತಲುಪದು. ಅಲ್ಲಿಯ ಅನೇಕ ಕಟ್ಟಡಗಳನ್ನು ಅಲ್ಯೂಮಿನಿಯಮ್ ಅಚ್ಚುಗಳಲ್ಲಿ ಕಾಂಕ್ರೀಟ್ ಸುರಿದು ಎರಕ ಹೊಯ್ದಿದ್ದಾರೆ; ಒಳಗಿನ ಗೋಡೆಗಳೂ ಕಾಂಕ್ರೀಟಿನವೇ. ಅಂಥವರು ಇನ್ನೂ ಬೆಲೆಬಾಳುವ ರೂಟರಿಗಾಗಿ ಹಣ ಸುರಿಯುವ ಬದಲು, ಗೋಡೆಯೊಳಗಿನ ಕೊಳವೆಯಲ್ಲಿ ಒಂದು ನೆಟ್‌ವರ್ಕ್ ಕೇಬಲನ್ನು ಹಿಂದಿನ ಕೋಣೆಗೆ ಎಳೆಸಿ ಅಲ್ಲಿ ಎರಡನೆಯ ಚಿಕ್ಕ ಪೆಟ್ಟಿಗೆಯನ್ನಿಡುವುದು ಲೇಸು. ತಂತಿಯಿಲ್ಲದೆ ಅಲೆಯನ್ನು ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರುಗಳು ಅಂಗಡಿಯಲ್ಲಿ ಸಿಗುತ್ತವೆ. ಆದರೆ ಸಾಧಾರಣ ರಿಪೀಟರ್ ಒಂದೇ ಬಾಯಿಂದ ಕೇಳಿ ಹೇಳಬೇಕಾದುದರಿಂದ ವೇಗವು ಅರ್ಧಕ್ಕಿಳಿಯುತ್ತದೆ.

ಖರ್ಚಿಗೆ ಮುನ್ನ ಒಂದು ಪರೀಕ್ಷೆ ಅವಶ್ಯ. ಪೆಟ್ಟಿಗೆಯ ಎದುರಿನಲ್ಲಿ ನಿಂತು ಮೊಬೈಲಿನಿಂದ ವೇಗವನ್ನು ಅಳೆಯಿರಿ. ಬಳಿಕ ಹಿಂದಿನ ಕೋಣೆಯಲ್ಲಿ ಅಳೆಯಿರಿ. ಎದುರಿನಲ್ಲೇ ಕಡಿಮೆ ಬಂದರೆ ದೋಷವು ಸಂಪರ್ಕದ್ದು ಇಲ್ಲವೆ ಯಂತ್ರದ್ದು. ಎದುರಿನಲ್ಲಿ ಚೆನ್ನಾಗಿದ್ದು ಹಿಂದೆ ಕುಸಿದರೆ ದೋಷವು ಸ್ಥಾನದ್ದು. ಈ ಎರಡನ್ನು ಬೇರ್ಪಡಿಸದೆ ಕಂಪೆನಿಯವರೊಡನೆ ಜಗಳವಾಡಿ ಗಂಟಲು ಒಣಗಿಸಿಕೊಂಡವರನ್ನು ನಾನು ಬಲ್ಲೆ.

ಸ್ಲೋ ಮತ್ತು ಫಾಸ್ಟ್

ಹೊಸ ಪೆಟ್ಟಿಗೆಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ಮಧ್ಯ ರೈಲ್ವೆಯ ಪ್ರಯಾಣಿಕರಾದ ನಮಗೆ ಇದನ್ನು ವಿವರಿಸುವುದು ಸುಲಭ. 2.4 ಎಂಬುದು ಸ್ಲೋ ಲೋಕಲ್: ವೇಗ ಕಡಿಮೆ, ನೂಕುನುಗ್ಗಲು ಹೆಚ್ಚು, ಆದರೆ ಠಾಕುರ್ಲಿ, ಕಳವಾದಂಥ ಸಣ್ಣ ನಿಲ್ದಾಣಗಳಿಗೂ, ಎಂದರೆ ಗೋಡೆಗಳಾಚೆಯ ಒಳಕೋಣೆಗೂ ತಲುಪುತ್ತದೆ. 5 ಎಂಬುದು ಫಾಸ್ಟ್: ವೇಗ ಬಹಳ, ಆದರೆ ಗೋಡೆ ಅಡ್ಡ ಬಂದರೆ ಬೇಗನೆ ಸೋಲುತ್ತದೆ. ಪೆಟ್ಟಿಗೆಯ ಸಮೀಪದ ಟೀವಿ ಹಾಗೂ ಗಣಕಯಂತ್ರಕ್ಕೆ 5, ಹಿಂದಿನ ಕೋಣೆಯ ಮೊಬೈಲಿಗೆ 2.4 ಎಂದು ಹಂಚುವುದು ಉಚಿತ.

ನಮ್ಮಂಥ ದಟ್ಟವಾದ ಬಡಾವಣೆಗಳಲ್ಲಿ 2.4ರ ನೂಕುನುಗ್ಗಲು ಅಷ್ಟಿಷ್ಟಲ್ಲ. ನನ್ನ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಿದರೆ ನೆರೆಹೊರೆಯ ಇಪ್ಪತ್ತಕ್ಕೂ ಹೆಚ್ಚು ವೈಫೈಗಳ ಹೆಸರುಗಳು ಕಾಣುತ್ತವೆ. ಈ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ. ಉಚಿತವಾಗಿ ದೊರೆಯುವ ವೈಫೈ ವಿಶ್ಲೇಷಕ ಆ್ಯಪ್‌ನಿಂದ ಈ ಮೂರರಲ್ಲಿ ಯಾವುದರಲ್ಲಿ ಗದ್ದಲ ಕಡಿಮೆಯೆಂದು ನೋಡಿ ಅದನ್ನೇ ಆರಿಸಬೇಕು. ಚಾನೆಲಿನ ಅಗಲವನ್ನು 20 ಮೆಗಾಹರ್ಟ್ಸಿಗೆ ಮಿತಗೊಳಿಸಿದರೆ ನಮಗೂ ನೆರೆಯವರಿಗೂ ಹಿತ.

ಬೀಗ

ಪೆಟ್ಟಿಗೆಯ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ 192.168.1.1 ಎಂಬಂಥ ಒಂದು ಸಂಖ್ಯೆಯಿರುತ್ತದೆ. ಮನೆಯ ವೈಫೈಗೆ ಸೇರಿಕೊಂಡು ಬ್ರೌಸರಿನಲ್ಲಿ ಆ ಸಂಖ್ಯೆಯನ್ನು ಒತ್ತಿದರೆ ರೂಟರಿನ ಒಳಕೋಣೆ ತೆರೆಯುತ್ತದೆ. ಅದರ ಪಾಸ್‌ವರ್ಡ್ ಬೇರೆ, ವೈಫೈಯ ಪಾಸ್‌ವರ್ಡ್ ಬೇರೆ. ಜನರು ಎರಡನೆಯದನ್ನು ಮಾತ್ರ ಬದಲಿಸಿ, ಮೊದಲನೆಯದನ್ನು ಕಾರ್ಖಾನೆಯಿಂದ ಬಂದಂತೆಯೇ ‘ಅಡ್ಮಿನ್’ ಎಂದು ಬಿಡುತ್ತಾರೆ. ಇದು ಮುಂಬಾಗಿಲಿಗೆ ಬೀಗ ಜಡಿದು ತಿಜೋರಿಯನ್ನು ತೆರೆದಿಟ್ಟಂತೆ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ಕ್ರಮವಿಧಿಯು ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡದ್ದು ಇಂಥ ಕಾರ್ಖಾನೆಯ ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯತ್ನಿಸಿಯೇ.

ವೈಫೈಯ ಪಾಸ್‌ವರ್ಡ್ ಆಗಿ ತಮ್ಮ ಮೊಬೈಲ್ ಸಂಖ್ಯೆಯನ್ನೇ ಇಡುವುದು ನಮ್ಮಲ್ಲಿ ಒಂದು ಅಂಟುರೋಗ. ಹತ್ತು ಅಂಕೆಗಳ ಸಂಖ್ಯೆಯನ್ನು ಗಣಕಯಂತ್ರವು ಬಹು ಬೇಗ ಊಹಿಸಬಲ್ಲುದು. ಪರಸ್ಪರ ಸಂಬಂಧವಿಲ್ಲದ ನಾಲ್ಕು ಕನ್ನಡ ಶಬ್ದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ, ನಡುವೆ ಒಂದೆರಡು ಅಂಕೆಗಳನ್ನಿಟ್ಟರೆ ನೆನಪಿಗೂ ಸುಲಭ, ಕಳ್ಳನಿಗೂ ಕಠಿಣ. ಭದ್ರತೆಯ ವಿಧವನ್ನು ಕೇಳಿದಲ್ಲಿ ಡಬ್ಲ್ಯುಪಿಎ-3 ಇದ್ದರೆ ಅದನ್ನು, ಇಲ್ಲವಾದರೆ ಡಬ್ಲ್ಯುಪಿಎ-2ನ್ನು ಆರಿಸಬೇಕು. ಡಬ್ಲ್ಯುಇಪಿ ಎಂಬ ಹಳೆಯ ಬೀಗ 2001ರಲ್ಲೇ ಮುರಿದುಬಿದ್ದಿದೆ. ಗುಂಡಿ ಒತ್ತಿ ಸೇರಿಕೊಳ್ಳುವ ಡಬ್ಲ್ಯುಪಿಎಸ್ ಸೌಕರ್ಯವನ್ನೂ, ಹೊರಗಿನಿಂದ ರೂಟರನ್ನು ನಿರ್ವಹಿಸುವ ಸೌಕರ್ಯವನ್ನೂ ಆರಿಸಿಬಿಡಿ. ಅತಿಥಿಗಳಿಗೆಂದು ಬೇರೆ ಹೆಸರಿನ ವೈಫೈ ತೆರೆಯುವ ಅನುಕೂಲ ಬಹುತೇಕ ರೂಟರುಗಳಲ್ಲಿದೆ. ಟ್ಯೂಷನ್ನಿಗೆ ಬರುವ ಮಕ್ಕಳಿಗೂ ಹಬ್ಬಕ್ಕೆ ಬಂದ ನೆಂಟರಿಗೂ ಅದನ್ನೇ ಕೊಡಿ. ಪಾಸ್‌ವರ್ಡ್ ಕೇಳಿದವರಿಗೆ ಇಲ್ಲವೆನ್ನುವ ದಾಕ್ಷಿಣ್ಯ ನಮ್ಮನ್ನು ಕಾಡುವುದು ಸಹಜ. ಸಾನ್‌ಪಾಡಾದ ಬಾಗಿಲನ್ನು ನೆನೆದರೆ ದಾಕ್ಷಿಣ್ಯ ತಾನಾಗಿ ಕಡಿಮೆಯಾಗುತ್ತದೆ.

ಅಲೆಗಳ ಭಯ

ಈ ಸಂಚಿಕೆಯಲ್ಲಿ ಆರೋಗ್ಯಕ್ಕೆ ಪುಟಗಳು ಮೀಸಲಾಗಿರುವುದರಿಂದ ಈ ಭಾಗವನ್ನು ಸ್ವಲ್ಪ ವಿಸ್ತರಿಸುತ್ತೇನೆ. ಕೆಲವು ವರುಷಗಳ ಹಿಂದೆ ವೈಫೈಯ ಅಲೆಗಳಿಂದ ಮಿದುಳು ಕೆಡುತ್ತದೆಂಬ ಒಂದು ವಾಟ್ಸ್‌ಆ್ಯಪ್ ಸಂದೇಶವನ್ನು ಓದಿ ನಾನೂ ಹೆದರಿದೆ. ರಾತ್ರಿ ಹತ್ತಕ್ಕೆ ಪೆಟ್ಟಿಗೆಯನ್ನು ಆರಿಸತಕ್ಕದ್ದು ಎಂದು ಮನೆಯಲ್ಲಿ ನಿಯಮ ಮಾಡಿದೆ. ನಮ್ಮ ಹಿಂದಿನ ಕೋಣೆಯಲ್ಲಿ ಮೊಬೈಲ್ ಗೋಪುರದ ಸಂಕೇತ ಸಿಗುವುದಿಲ್ಲ. ಅಲ್ಲಿ ಮಲಗುವ ತಾಯಿಯವರ ಫೋನು ವೈಫೈಯ ಮೂಲಕವೇ ಮಾತನಾಡುತ್ತದೆ. 2020ರ ಸುಮಾರಿಗೆ ಮೊಬೈಲ್ ಕಂಪೆನಿಗಳು ಒದಗಿಸಿದ ಈ ಸೌಕರ್ಯದಿಂದ ನಮಗೆ ಬಹಳ ಅನುಕೂಲವಾಗಿತ್ತು. ನಿಯಮ ಮಾಡುವಾಗ ಅದು ನನ್ನ ನೆನಪಿಗೆ ಬರಲಿಲ್ಲ.

ಒಂದು ಮಾರ್ಚ್ 31ರ ರಾತ್ರಿ. ವರ್ಷಾಂತ್ಯದ ಲೆಕ್ಕ ಮುಗಿಸುತ್ತ ನಾನು ಶಾಖೆಯಲ್ಲಿದ್ದೆ. ಪತ್ನಿ, ಮಕ್ಕಳು ಮದುವೆಗೆಂದು ಊರಿಗೆ ಹೋಗಿದ್ದರು. ತಾಯಿಯವರು ಮಧುಮೇಹಿ, ಆ ರಾತ್ರಿ ಊಟ ಸೇರದೆ ಮಾತ್ರೆ ಮಾತ್ರ ನುಂಗಿ ಮಲಗಿದ್ದರಂತೆ. ಹನ್ನೊಂದೂವರೆಯ ಹೊತ್ತಿಗೆ ಮೈ ಬೆವೆತು, ಕೈಕಾಲು ನಡುಗಿ ಎಚ್ಚರವಾಯಿತು. ನನಗೆ ಮೂರು ಸಲ ಫೋನ್ ಮಾಡಿದರು, ಹೋಗಲಿಲ್ಲ. ಹತ್ತು ಗಂಟೆಗೆ ಪೆಟ್ಟಿಗೆಯನ್ನು ಆರಿಸಿದವರು ಅವರೇ, ನನ್ನ ಆಜ್ಞೆಯಂತೆ. ಗೋಡೆ ಹಿಡಿದುಕೊಂಡು ಬಾಲ್ಕನಿಯ ತನಕ ನಡೆದು, ಅಲ್ಲಿ ಸಂಕೇತ ಸಿಕ್ಕಿ, ಪಕ್ಕದ ಮನೆಯ ಮರಾಠಿ ವಹಿನಿಯವರನ್ನು ಕರೆದರು. ಆಕೆ ಓಡಿ ಬಂದು ಸಕ್ಕರೆ ನೀರು ಕುಡಿಸಿದರು. ಮರುದಿನ ನಾನು ಕೇಳಿದಾಗ ತಾಯಿಯವರು ಹೇಳಿದ್ದು ಇಷ್ಟೇ: “ನೀನು ಆರಿಸು ಅಂದಿದ್ದೆಯಲ್ಲ, ಅದಕ್ಕೇ ಆರಿಸಿದೆ ಮಗಾ.”

ಅಂದಿನಿಂದ ನಾನು ಈ ವಿಷಯವನ್ನು ಅಂಕಿ ಅಂಶಗಳಿಂದ ತಿಳಿಯಲು ಹೊರಟೆ. ವೈಫೈಯ ಅಲೆಗಳು ಕ್ಷ-ಕಿರಣದ ಜಾತಿಯವಲ್ಲ. ಅವು ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೊಗೆಯಲಾರವು. ಅತಿ ಪ್ರಬಲವಾದಾಗ ದೇಹವನ್ನು ಬಿಸಿಮಾಡಬಲ್ಲವು, ಅಷ್ಟೆ. ಮನೆಯ ಪೆಟ್ಟಿಗೆಯು ಸಾಮಾನ್ಯವಾಗಿ ಹೊರಡಿಸುವ ಶಕ್ತಿ ಒಂದು ವ್ಯಾಟಿನ ಹತ್ತನೆಯ ಒಂದು ಭಾಗದ ಆಸುಪಾಸು. ಅದು ಸುತ್ತಲೂ ಹರಡಿ ಒಂದು ಮೀಟರ್ ದೂರ ಬರುವಷ್ಟರಲ್ಲಿ ಸುಮಾರು ಹನ್ನೆರಡೂವರೆ ಚದರ ಮೀಟರಿನ ಗೋಲದ ಮೇಲೆ ಹಂಚಿಹೋಗುತ್ತದೆ. ಚದರ ಮೀಟರಿಗೆ ಬರುವುದು ಸುಮಾರು 0.008 ವ್ಯಾಟ್. ಭಾರತವು 2012ರ ಸೆಪ್ಟೆಂಬರಿನಿಂದ ಮೊಬೈಲ್ ಗೋಪುರಗಳಿಗೆ ವಿಧಿಸಿದ ಮಿತಿಯು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಪಾಲು. ಈ ಆವರ್ತನಗಳಲ್ಲಿ ಅದು ಚದರ ಮೀಟರಿಗೆ 1 ವ್ಯಾಟ್. ಹಾಗಾದರೆ ಒಂದು ಮೀಟರ್ ದೂರದಲ್ಲಿ ನಮಗೆ ತಗಲುವುದು ಆ ಕಟ್ಟುನಿಟ್ಟಾದ ಮಿತಿಯ ಸುಮಾರು ನೂರರಲ್ಲೊಂದು ಭಾಗ. ದೂರ ಇಮ್ಮಡಿಯಾದರೆ ಶಕ್ತಿ ಕಾಲು ಭಾಗಕ್ಕಿಳಿಯುತ್ತದೆ. ಎರಡು ಮೀಟರಿನಲ್ಲಿ ನಾನೂರರಲ್ಲೊಂದು.

2011ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿಯು ರೇಡಿಯೋ ಅಲೆಗಳನ್ನು ‘2-ಬಿ’ ಗುಂಪಿಗೆ ಸೇರಿಸಿತೆಂಬುದು ನಿಜ. ಭಯ ಹುಟ್ಟಿಸುವ ಸಂದೇಶಗಳೆಲ್ಲ ಇದನ್ನೇ ಹಿಡಿದುಕೊಂಡಿವೆ. ಆ ಗುಂಪಿನ ಅರ್ಥ, ಕ್ಯಾನ್ಸರಿಗೆ ಕಾರಣವಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಆದರೆ ಪುರಾವೆ ಸೀಮಿತ ಎಂದಷ್ಟೆ. ಏಷ್ಯಾದ ಸಾಂಪ್ರದಾಯಿಕ ಉಪ್ಪಿನಲ್ಲಿ ಹಾಕಿದ ತರಕಾರಿಗಳೂ ಅದೇ ಗುಂಪಿನಲ್ಲಿವೆ. ಅಲ್ಲದೆ ಆ ನಿರ್ಣಯಕ್ಕೆ ಮುಖ್ಯ ಆಧಾರ ಕಿವಿಗೊತ್ತಿ ಮೊಬೈಲ್ ಬಳಸುವವರ ಅಧ್ಯಯನಗಳೇ ಹೊರತು ಗೋಡೆಯ ಮೇಲಿನ ಪೆಟ್ಟಿಗೆಯಲ್ಲ. ನನ್ನ ಅಭಿಪ್ರಾಯದಲ್ಲಿ ನಡುರಾತ್ರಿಯ ತನಕ ಹಾಸಿಗೆಯಲ್ಲಿ ಮೊಬೈಲ್ ನೋಡುತ್ತ ನಿದ್ದೆಗೆಡುವುದರಿಂದ ಆಗುವ ಹಾನಿ ಈ ಅಲೆಗಳಿಂದ ಆಗುವುದೆಂಬ ಹಾನಿಗಿಂತ ಎಷ್ಟೋ ಮಡಿ ಹೆಚ್ಚು.

ಆದರೂ ತಲೆದಿಂಬಿನ ಪಕ್ಕದಲ್ಲಿ ಪೆಟ್ಟಿಗೆಯನ್ನಿಡುವ ಅಗತ್ಯವಿಲ್ಲ. ಓಣಿಯ ಹಲಗೆಯ ಮೇಲಿಟ್ಟರೆ ಹಾಸಿಗೆಯಿಂದ ಎರಡು ಮೂರು ಮೀಟರ್ ಅಂತರ ತಾನಾಗಿ ದೊರೆಯುತ್ತದೆ. ಸಂಪರ್ಕಕ್ಕೆ ಒಳ್ಳೆಯ ಸ್ಥಾನವೇ ಮನಸ್ಸಿನ ನೆಮ್ಮದಿಗೂ ಒಳ್ಳೆಯ ಸ್ಥಾನ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಮೊಬೈಲನ್ನು ಎದೆಯ ಜೇಬಿನಲ್ಲಿಡದೆ ಅರ್ಧ ಅಡಿಯಾದರೂ ದೂರವಿಡಬೇಕು. ರೂಟರಿಗೂ ಅದೇ ನಿಯಮ, ಉಳಿದುದನ್ನು ತಮ್ಮ ವೈದ್ಯರಲ್ಲಿ ಕೇಳುವುದು. ವಿಕಿರಣ ತಡೆಯುತ್ತದೆಂದು ಮಾರುವ ಚಿನ್ನದ ಬಣ್ಣದ ಚೀಟಿಗಳನ್ನು ಕೊಳ್ಳಬೇಡಿ. ಅವು ಏನನ್ನೂ ತಡೆಯುವುದಿಲ್ಲ. ಅಲೆಯನ್ನು ನಿಜಕ್ಕೂ ತಡೆದರೆ ವೈಫೈಯೇ ನಿಂತುಹೋಗಬೇಕಷ್ಟೆ.

ವಿದ್ಯುತ್ ಹೋದಾಗ

ಪೆಟ್ಟಿಗೆಯನ್ನು ಹಗಲಿರುಳು ಉರಿಸಿದರೆ ಬಿಲ್ಲು ಏರದೇ ಎಂದು ಕೇಳುವವರಿದ್ದಾರೆ. ಸುಮಾರು 10 ವ್ಯಾಟಿನ ಪೆಟ್ಟಿಗೆಯು ದಿನದ 24 ಗಂಟೆ, ವರ್ಷದ 365 ದಿನ ಉರಿದರೂ ತಗಲುವುದು 88 ಯುನಿಟ್ಟಿಗೂ ಒಳಗೆ. ರಾತ್ರಿ ಎಂಟು ಗಂಟೆ ಆರಿಸಿ ಉಳಿಸುವುದು ತಿಂಗಳಿಗೆ ಎರಡೂವರೆ ಯುನಿಟ್ ಮಾತ್ರ.

ಮಳೆಗಾಲದಲ್ಲಿ ನಮ್ಮ ಕಡೆ ವಿದ್ಯುತ್ ಕೈಕೊಡುವುದು ಹೊಸತಲ್ಲ. ಆಗ ವೈಫೈ ನಿಂತರೆ ಒಳಕೋಣೆಯ ಫೋನೂ ನಿಲ್ಲುತ್ತದೆ. ಇದಕ್ಕೆಂದೇ ಅಂಗೈಯಗಲದ ಚಿಕ್ಕ ಯುಪಿಎಸ್‌ಗಳು ದೊರೆಯುತ್ತವೆ. ಕೊಳ್ಳುವಾಗ ರೂಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆ್ಯಂಪಿಯರ್ ಓದಿ, ಅದೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆ್ಯಂಪಿಯರಿನ ಯುಪಿಎಸ್ ತರಬೇಕು. ಹೆಚ್ಚಿನವು 12 ವೋಲ್ಟಿನವು. ಗಾಜಿನ ಎಳೆಗೆ ಬೇರೆ ಪೆಟ್ಟಿಗೆ ಇದ್ದಲ್ಲಿ ಅದಕ್ಕೂ ವಿದ್ಯುತ್ ಒದಗಿಸಲು ಮರೆಯಬಾರದು. ಒಂದಕ್ಕೆ ಕೊಟ್ಟು ಇನ್ನೊಂದನ್ನು ಬಿಟ್ಟರೆ ವೈಫೈಯ ಹೆಸರು ಕಾಣುತ್ತದೆ, ಅಂತರಜಾಲ ಮಾತ್ರ ಇರುವುದಿಲ್ಲ.

ನಮ್ಮ ಮನೆಯಲ್ಲಿ ಈಗ ಪೆಟ್ಟಿಗೆಯು ಓಣಿಯ ಹಲಗೆಯ ಮೇಲಿದೆ, ಪಕ್ಕದಲ್ಲಿ ಯುಪಿಎಸ್ ಇದೆ. ತಾಯಿಯವರ ಹಾಸಿಗೆಯ ಬಳಿ ಒಂದು ಸಕ್ಕರೆಯ ಡಬ್ಬಿಯೂ ಇದೆ. ಪ್ರತಿ ತಿಂಗಳ ಮೊದಲನೆಯ ಭಾನುವಾರ ಮನೆಯ ಮೇನ್ ಸ್ವಿಚ್ ಆರಿಸಿ, ಹಿಂದಿನ ಕೋಣೆಯಿಂದ ನನ್ನ ಫೋನಿಗೆ ಕರೆ ಬರುತ್ತದೆಯೇ ಎಂದು ನೋಡುತ್ತೇನೆ. ಕಳೆದ ತಿಂಗಳು ಬರಲಿಲ್ಲ. ಯುಪಿಎಸ್ಸಿನ ಬ್ಯಾಟರಿ ಸತ್ತಿತ್ತು. ಅಂದೇ ಹೋಗಿ ಬದಲಿಸಿದೆ.